ಜಾಡು ಗೆರೆಯಾದಾಗ ಕಳೆದುಹೋಗುವುದು

ಜಿಪಿಎಸ್ ಸಾಧನ ದಾಖಲಿಸಿದ ದಾರಿ ಬಹುಮಟ್ಟಿಗೆ ಜಿಪಿಎಕ್ಸ್ ಕಡತವಾಗಿ ಉಳಿಯುತ್ತದೆ. 2002ರಲ್ಲಿ ಹೊರಬಂದು, 2004ರ 1.1 ಆವೃತ್ತಿಯಲ್ಲಿ ನೆಲೆನಿಂತ ಈ ಎಕ್ಸ್‌ಎಂಎಲ್ ರೂಪದ ರಚನೆ ಸರಳ: ಒಂದು ಜಾಡು, ಅದರೊಳಗೆ ತುಂಡುಗಳು, ತುಂಡಿನೊಳಗೆ ಸಾಲುಗಟ್ಟಿದ ಬಿಂದುಗಳು. ಪ್ರತಿ ಬಿಂದುವಿಗೂ ಅಕ್ಷಾಂಶ, ರೇಖಾಂಶ ಕಡ್ಡಾಯ. ಎತ್ತರ ಮತ್ತು ಸಮಯ ಸಾಮಾನ್ಯವಾಗಿ ಜೊತೆಗಿರುತ್ತವೆ. ಉಪಗ್ರಹದ ಸಂಕೇತ ಕಡಿದು ಮತ್ತೆ ಸಿಕ್ಕಾಗ ಹೊಸ ತುಂಡು ಆರಂಭವಾಗುತ್ತದೆ. ಹೀಗೆ ಈ ಕಡತದಲ್ಲಿರುವುದು ಬರಿಯ ಗೆರೆಯಲ್ಲ, ಒಂದು ಚಲನೆಯ ಸಾಕ್ಷ್ಯ. ಡೇಟಾಬೇಸಿಗೆ ಸೇರಿದ ಮೇಲೂ ಆ ಸಾಕ್ಷ್ಯ ಉಳಿಯಿತೇ ಎಂಬುದೇ ಆಮದಿನ ಗುಣವನ್ನು ಅಳೆಯುವ ಒರೆಗಲ್ಲು.

ಇಂಥ ಕಡತಗಳನ್ನು ಪ್ರಾದೇಶಿಕ ಡೇಟಾಬೇಸ್ ವಿಸ್ತರಣೆಯಾದ ಪೋಸ್ಟ್‌ಜಿಐಎಸ್‌ಗೆ ತುಂಬಲು ಹೆಚ್ಚು ರೂಢಿಯಲ್ಲಿರುವ ಸಾಧನ ಜಿಡಾಲ್ ತಂತ್ರಾಂಶದ ಓಜಿಆರ್‌2ಓಜಿಆರ್. ಕೆನಡಾದಲ್ಲಿ 2001ರಲ್ಲಿ ಹುಟ್ಟಿದ ಪೋಸ್ಟ್‌ಜಿಐಎಸ್ ಮತ್ತು ಈ ಸಾಧನ ಎರಡೂ ಮುಕ್ತ ತಂತ್ರಾಂಶಗಳು. ಒಂದೇ ಸಾಲಿನ ಆದೇಶಕ್ಕೆ ಕೋಷ್ಟಕ ಸಿದ್ಧವಾಗುತ್ತದೆ, ಪ್ರಾದೇಶಿಕ ಸೂಚಿ ಕಟ್ಟಿಕೊಳ್ಳುತ್ತದೆ, ನಿರ್ದೇಶಾಂಕ ಪದ್ಧತಿಯ ಸಂಖ್ಯೆ 4326 ತಾನಾಗಿ ದಾಖಲಾಗುತ್ತದೆ. ಕೋಡ್ ಬರೆಯಲು ಬಾರದವರಿಗೂ ನಕ್ಷೆಯ ಬಾಗಿಲು ತೆರೆದದ್ದು ಇದರ ದೊಡ್ಡ ಉಪಕಾರ.

ತೊಡಕಿರುವುದು ಪದರದ ಆಯ್ಕೆಯಲ್ಲಿ. ಜಿಪಿಎಕ್ಸ್ ಕಡತವನ್ನು ಈ ಸಾಧನ ಐದು ಪದರಗಳಾಗಿ ಓದುತ್ತದೆ: ಗುರುತುಗಳು, ಮಾರ್ಗಗಳು, ಜಾಡುಗಳು, ಮಾರ್ಗಬಿಂದುಗಳು, ಜಾಡಿನ ಬಿಂದುಗಳು. ಹೆಚ್ಚಿನವರು ಕೈಯಿಡುವುದು ಜಾಡುಗಳ ಪದರಕ್ಕೆ, ಏಕೆಂದರೆ ನಕ್ಷೆಯ ಮೇಲೆ ಗೆರೆ ಕೂಡಲೇ ಕಾಣುತ್ತದೆ. ಆದರೆ ಅಲ್ಲಿ ಪ್ರತಿ ಬಿಂದುವಿನ ಸಮಯ ಪೂರ್ತಿ ಬಿದ್ದುಹೋಗುತ್ತದೆ. ಎತ್ತರವೂ ಪ್ರತ್ಯೇಕ ಆಯ್ಕೆಯನ್ನು ಹೊಂದಿಸದ ಹೊರತು ಬರುವುದಿಲ್ಲ. ಎಲ್ಲಿ ಹೋದರು ಎಂಬುದು ಉಳಿಯುತ್ತದೆ. ಯಾವಾಗ, ಯಾವ ವೇಗದಲ್ಲಿ, ಎಲ್ಲಿ ಎಷ್ಟು ಹೊತ್ತು ನಿಂತರು ಎಂಬುದು ಹೋಗುತ್ತದೆ.

ಜಾಡಿನ ಬಿಂದುಗಳ ಪದರ ಈ ದೋಷದಿಂದ ಪಾರು. ಎತ್ತರ, ಸಮಯ, ತುಂಡಿನ ಸಂಖ್ಯೆ, ತುಂಡಿನೊಳಗಿನ ಕ್ರಮಸಂಖ್ಯೆ ಎಲ್ಲವೂ ಕೋಷ್ಟಕದ ಕಂಬಗಳಾಗಿ (ಕಾಲಂಗಳಾಗಿ) ಉಳಿಯುತ್ತವೆ. ಆದರೂ ಒಂದು ಕೊರತೆಯಿದೆ. ಜಾಡಿನ ಗುರುತುಸಂಖ್ಯೆ ಪ್ರತಿ ಕಡತದಲ್ಲೂ ಸೊನ್ನೆಯಿಂದಲೇ ಶುರುವಾಗುತ್ತದೆ. ನೂರು ಕಡತಗಳನ್ನು ಒಂದೇ ಕೋಷ್ಟಕಕ್ಕೆ ಸೇರಿಸಿದರೆ ನೂರು ಜಾಡುಗಳಿಗೂ ಸೊನ್ನೆಯೇ ಹೆಸರು. ಅದೇ ಕಡತವನ್ನು ಎರಡನೆಯ ಸಲ ತುಂಬಿದರೂ ತಡೆಯುವವರಿಲ್ಲ. ಕಡತದ ಹೆಸರು ಅಥವಾ ಹ್ಯಾಶ್ ಹಿಡಿಯುವ ಕಂಬವನ್ನೂ, ಅದೂ ಜಾಡು, ತುಂಡು, ಬಿಂದುಗಳ ಸಂಖ್ಯೆಗಳೂ ಸೇರಿದ ಜೋಡಣೆಯ ಮೇಲೆ ಅನನ್ಯತೆಯ ನಿರ್ಬಂಧವನ್ನೂ ಆಮದು ಮಾಡುವವರೇ ಸೇರಿಸಬೇಕು.

ಬಿಂದುಗಳಿಂದ ಗೆರೆ ಕಟ್ಟುವ ಹಂತದಲ್ಲಿ ಎರಡು ಶಿಸ್ತು ಬೇಕು. ಎಸ್‌ಟಿ_ಮೇಕ್‌ಲೈನ್ ಕಾರ್ಯಕ್ಕೆ ಕ್ರಮವನ್ನು ಸ್ಪಷ್ಟವಾಗಿ ಹೇಳದಿದ್ದರೆ ಬಿಂದುಗಳು ಯಾವ ಸರದಿಯಲ್ಲಾದರೂ ಸೇರಬಹುದು. ತುಂಡುಗಳನ್ನು ಬೇರೆಬೇರೆಯಾಗಿ ಗುಂಪು ಮಾಡದಿದ್ದರೆ ಸಂಕೇತ ಕಡಿದಿದ್ದ ಸುರಂಗದ ಈಚೆ ಬಾಯಿಯಿಂದ ಆಚೆ ಬಾಯಿಗೆ ಯಾರೂ ನಡೆಯದ ನೇರ ಗೆರೆ ಬೀಳುತ್ತದೆ. ನಾಲ್ಕನೆಯ ಆಯಾಮವಾದ ಅಳತೆಯ ಜಾಗದಲ್ಲಿ ಸಮಯವನ್ನು ಸೆಕೆಂಡುಗಳಾಗಿ ಇಟ್ಟರೆ ಗೆರೆಯೊಳಗೇ ಕಾಲ ಉಳಿಯುತ್ತದೆ.

ಸ್ವಂತ ಸ್ಕ್ರಿಪ್ಟ್ ಬರೆಯುವವರ ತಪ್ಪುಗಳು ಬೇರೆ ಬಗೆಯವು. ಜಿಪಿಎಕ್ಸ್ ಅಕ್ಷಾಂಶವನ್ನು ಮೊದಲು ಬರೆಯುವುದು ವಾಡಿಕೆ. ಪೋಸ್ಟ್‌ಜಿಐಎಸ್ ಮೊದಲು ಕೇಳುವುದು ರೇಖಾಂಶವನ್ನು. ಅದಲುಬದಲಾದರೆ ಬೆಂಗಳೂರಿನ ಬಿಂದು ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಕಡಲಿಗೆ ಬೀಳುತ್ತದೆ. ಕಡತದ ಸಮಯ ಯುಟಿಸಿಯಲ್ಲಿರುತ್ತದೆ. ಕಾಲವಲಯವಿಲ್ಲದ ಕಂಬದಲ್ಲಿಟ್ಟರೆ ಬೆಳಗಿನ 5 ಗಂಟೆಯ ಚಾರಣ ಹಿಂದಿನ ರಾತ್ರಿ 11.30ಕ್ಕೆ ದಾಖಲಾದಂತೆ ತೋರುತ್ತದೆ. ಜಿಯಾಮೆಟ್ರಿ ಬಗೆಯಲ್ಲಿ ಉದ್ದ ಕೇಳಿದರೆ ಉತ್ತರ ಬರುವುದು ಡಿಗ್ರಿಗಳಲ್ಲಿ. ಮೀಟರು ಬೇಕಿದ್ದರೆ ಜಿಯಾಗ್ರಫಿ ಬಗೆಗೆ ಬದಲಿಸಬೇಕು. ಎತ್ತರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ದಕ್ಷಿಣ ಭಾರತದಲ್ಲಿ ದೀರ್ಘವೃತ್ತಜದಿಂದ ಅಳೆದ ಎತ್ತರಕ್ಕೂ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕೂ 80 ಮೀಟರಿಗಿಂತ ಹೆಚ್ಚು ಅಂತರವಿದೆ. ಎರಡು ಸಾಧನಗಳ ಜಾಡುಗಳನ್ನು ಹೋಲಿಸುವ ಮುನ್ನ ಯಾವುದು ಯಾವ ಎತ್ತರವೆಂದು ತಿಳಿದಿರಬೇಕು.

ಬಿಂದುಗಳ ಕೋಷ್ಟಕ ಬೇಗ ಊದಿಕೊಳ್ಳುತ್ತದೆಂಬ ಆಕ್ಷೇಪಕ್ಕೆ ತಿರುಳಿಲ್ಲವೆನ್ನಲಾಗದು. ಸೆಕೆಂಡಿಗೊಂದರಂತೆ ದಾಖಲಿಸಿದರೆ ನಾಲ್ಕು ಗಂಟೆಯ ನಡಿಗೆಗೆ 14,400 ಸಾಲುಗಳಾಗುತ್ತವೆ. ಆದರೆ ಅದಕ್ಕೆ ಮದ್ದೆಂದು ಡಗ್ಲಸ್–ಪ್ಯೂಕರ್ ವಿಧಾನದಿಂದ ಆಮದಿನಲ್ಲೇ ಸರಳಗೊಳಿಸುವುದು ಸಲ್ಲದು. ಆ ವಿಧಾನ ಕಾಯುವುದು ಗೆರೆಯ ಆಕಾರವನ್ನು ಮಾತ್ರ. ಅರ್ಧ ಗಂಟೆ ನಿಂತ ಜಾಗದ ನೂರಾರು ಬಿಂದುಗಳನ್ನು ಅದು ಅನಗತ್ಯವೆಂದು ಅಳಿಸಿಬಿಡುತ್ತದೆ. ಸರಳ ರೂಪ ನಕ್ಷೆಯ ಪ್ರದರ್ಶನಕ್ಕೆ ಮಾಡಿಕೊಂಡ ಪ್ರತಿಯಲ್ಲಿರಲಿ.

ಒಟ್ಟಿನಲ್ಲಿ ಓಜಿಆರ್‌2ಓಜಿಆರ್ ನಂಬಲರ್ಹ ಸಾಧನವೇ. ದೋಷ ಇರುವುದು ಗೆರೆಯ ಪದರವನ್ನೇ ಮೂಲವೆಂದು ಭಾವಿಸುವ ರೂಢಿಯಲ್ಲಿ. ಬಿಂದುಗಳ ಕೋಷ್ಟಕ ಮೂಲವಾಗಿ, ಗೆರೆಗಳು ಅದರಿಂದ ಹುಟ್ಟಿದ ನೋಟಗಳಾಗಿ, ಮೂಲ ಕಡತ ತಿದ್ದದೆ ಪಕ್ಕದಲ್ಲಿರುವ ವ್ಯವಸ್ಥೆಯೇ ಮೇಲು. ಗೆರೆಯನ್ನು ಬಿಂದುಗಳಿಂದ ಯಾವಾಗ ಬೇಕಾದರೂ ಕಟ್ಟಬಹುದು. ಸಮಯವನ್ನು ಇಡದ ಗೆರೆಯಿಂದ ಅದನ್ನು ಮರಳಿ ಪಡೆಯುವ ದಾರಿಯಿಲ್ಲ.