ಹೊಳಲಿನಲ್ಲಿ ಮಲಗಿದ ಅಂಬಾಸಿಡರ್

ನಮ್ಮೂರಿಗೆ ಬಂದು ಮಲಗಿದವರು ಎದ್ದು ಹೋದದ್ದು ಕಡಿಮೆ. ಅನಂತಶಯನನದೇ ಮೊದಲ ಕತೆ. ಕೃಷ್ಣದೇವರಾಯ ಹೊಸಪೇಟೆಯ ಹತ್ತಿರ 1524ರಲ್ಲಿ ಗುಡಿ ಕಟ್ಟಿಸಿ, ದೇವರನ್ನು ಕರೆದುಕೊಂಡು ಹೊರಟನಂತೆ. ತಿರುಗಿ ನೋಡಬಾರದೆಂಬುದು ಕರಾರು. ಹೊಳಲಿಗೆ ಬಂದಾಗ ರಾಯ ತಿರುಗಿ ನೋಡಿದ, ದೇವರು ಇಲ್ಲೇ ಅಡ್ಡಾದ. ಅಲ್ಲಿ ಅನಂತಶಯನಗುಡಿಯ ಗರ್ಭಗುಡಿ ಇವತ್ತಿಗೂ ಖಾಲಿ.

ನಮ್ಮ ಹಿತ್ತಲಿನ ಬೇವಿನ ಮರದಡಿ ಆರು ವರ್ಷ ಮಲಗಿದ್ದ ಅಂಬಾಸಿಡರ್ ಮಾರ್ಕ್ 4 ಕಾರಿಗೆ ಅಂಥ ಸ್ಥಳಪುರಾಣವೇನೂ ಇಲ್ಲ. ಬ್ರೇಕ್ ಸೋರುತ್ತಿತ್ತು, ತಳ ತುಕ್ಕು ತಿಂದಿತ್ತು, ರಿಪೇರಿಗೆ ಕೇಳಿದ ದುಡ್ಡಿಗೆ ಓಡುವ ಸ್ಥಿತಿಯ ಹಳೇ ಮಾರುತಿಯೇ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತ ಮೇಲೆ ಮನೆಯವಳು ಕೇಳಿದಳು: ‘ಇದು ಕಾರೋ, ಗೂಡೋ? ಒಂದು ತೀರ್ಮಾನ ಮಾಡ್ರಿ.’

2014ರ ಬೇಸಿಗೆ ಅದು. ಗುಜರಿಯವನು ಬಂದ, ಸುತ್ತು ಹಾಕಿದ, ಟೈರಿಗೊಮ್ಮೆ ಒದ್ದ, 14 ಸಾವಿರ ಎಂದ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವನಿಗೆ ಕಂಡದ್ದು ಒಂದು ಟನ್ನಿನಷ್ಟು ಲೋಹ: ಇಷ್ಟು ತಗಡು, ಇಷ್ಟು ಬೀಡು, ರೇಡಿಯೇಟರಿನ ಹಿತ್ತಾಳೆ–ತಾಮ್ರ ಇಷ್ಟು, ಪಿಸ್ಟನ್ನಿನ ಅಲ್ಯೂಮಿನಿಯಂ ಇಷ್ಟು. ಗುಜರಿಯಲ್ಲಿ ಎಡಗಡೆಯ ಬಾಗಿಲು ಬರೀ ತಗಡು. ಆದರೆ ಯಾವುದೋ ಊರಲ್ಲಿ ಲಾರಿ ಸವರಿಕೊಂಡು ಹೋದ ಅಂಬಾಸಿಡರ್ ಒಂದಿದ್ದರೆ, ಅದರ ಯಜಮಾನನಿಗೆ ಅದು ಬಾಗಿಲು. ತಗಡಿನ ದರಕ್ಕೂ ಬಾಗಿಲಿನ ದರಕ್ಕೂ ಇರುವ ಅಂತರವನ್ನು ನಾನೇ ದುಡಿದುಕೊಳ್ಳುತ್ತೇನೆ ಎಂದು ನಿಶ್ಚಯಿಸಿದೆ. ಈ ಅಂಕಣದ ಓದುಗರಿಗೆ ನನ್ನ ನಿಶ್ಚಯಗಳ ಗತಿ ಗೊತ್ತೇ ಇದೆ.

ಹಡಗಲಿಯಿಂದ ಹಳೆಯ ಮಿಸ್ತ್ರಿಯೊಬ್ಬರನ್ನು ಕರೆಸಿದೆ. ಎಪ್ಪತ್ತರ ಆಸುಪಾಸಿನವರು, ಊರಿಗೆಲ್ಲ ಕಾಕಾ. ನಾನು ಉತ್ಸಾಹದಲ್ಲಿ ಸುತ್ತಿಗೆ ಎತ್ತಿಕೊಂಡಿದ್ದೆ. ಅವರು ಅದನ್ನು ನನ್ನ ಕೈಯಿಂದ ಇಸಿದುಕೊಂಡು ಕಟ್ಟೆಯ ಮೇಲಿಟ್ಟರು. ‘ಮಾಸ್ತರ್ರ, ನಾಳೆ ಮತ್ತ ಜೋಡಸ್ತೀನಿ ಅನ್ನೋ ಹಂಗ ಬಿಚ್ಚಬೇಕು ನೋಡ್ರಿ. ಇಲ್ಲಾಂದ್ರ ಅದು ಬಿಚ್ಚೋದಲ್ಲ, ಒಡಿಯೋದು. ಒಡಿಯಾಕ ನಾ ಯಾಕ ಬೇಕು?’

ಬಿಚ್ಚುವುದಕ್ಕೂ ಒಡೆಯುವುದಕ್ಕೂ ಇರುವ ಆ ವ್ಯತ್ಯಾಸವನ್ನು ಕಲಿಯಲು ನನಗೆ ಒಂದೂವರೆ ತಿಂಗಳು ಹಿಡಿಯಿತು.

ಮೊದಲ ಪಾಠ ಪಾನಾದ್ದು. ನನ್ನಲ್ಲಿದ್ದ ಹತ್ತು, ಹನ್ನೆರಡು, ಹದಿನಾಲ್ಕರ ಪಾನಾಗಳು ಮಾರುತಿಗೆ ಸರಿ, ಇದಕ್ಕಲ್ಲ. ಅಂಬಾಸಿಡರ್ ಎಂದರೆ 1950ರ ದಶಕದ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಬಂಗಾಳದ ಉತ್ತರಪಾರಾಕ್ಕೆ ಬಂದು ಹೆಸರು ಬದಲಿಸಿತೇ ಹೊರತು ಅಂಗುಲದ ಲೆಕ್ಕ ಬಿಡಲಿಲ್ಲ. ನಾವು ಮೀಟರಿಗೆ ಬದಲಾದೆವು, ನಮ್ಮ ಸರ್ಕಾರಿ ಕಾರು ಬದಲಾಗಲಿಲ್ಲ. ಅರ್ಧ ಇಂಚು, ಒಂಬತ್ತು ಹದಿನಾರಾಂಶ, ಏಳು ಹದಿನಾರಾಂಶ. ಹದಿಮೂರರ ಪಾನಾ ಅರ್ಧ ಇಂಚಿನ ನಟ್ಟಿಗೆ ಕೂತಂತೆ ಕಾಣುತ್ತದೆ, ತುಕ್ಕು ಹಿಡಿದ ಕಡೆ ಜೋರು ಹಾಕಿದರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ. ಕಾಕಾ ಎಣ್ಣೆ ಕುಡಿದ ಖಾಕಿ ಬಟ್ಟೆಯ ಗಂಟೊಂದನ್ನು ತಂದಿದ್ದರು. ಅದರೊಳಗೆ ಇಂಚಿನ ಪಾನಾಗಳ ಸಾಲು. ಕೆಲಸ ಮುಗಿಯುವಷ್ಟರಲ್ಲಿ ಅದನ್ನು ನನಗೇ ಮಾರಿದರು. ಅವರ ವ್ಯಾಪಾರ ನನ್ನದಕ್ಕಿಂತ ಚುರುಕು.

ಎರಡನೆಯದು ಕಾಯುವುದು. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿ ಸಂಜೆ ಬೋಲ್ಟುಗಳಿಗೆ ಹಚ್ಚಿ ಮಲಗಬೇಕು. ಬೆಳಿಗ್ಗೆ ಬೋಲ್ಟಿನ ತಲೆಗೆ ಸಣ್ಣಗೆ ನಾಲ್ಕು ಏಟು, ಬಾಗಿಲು ತಟ್ಟಿ ಎಬ್ಬಿಸುವ ಹಾಗೆ. ಆಮೇಲೆ ಪಾನಾ. ಬಿಡಿಸಲು ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಿರುವಿದರೆ ತುಕ್ಕಿನ ಹಿಡಿತ ಸಡಿಲುತ್ತದೆ. ಇದನ್ನು ನನ್ನ ಕೈ ನಂಬಿದ್ದು ಮೂರು ಬೋಲ್ಟು ಮುರಿದ ಮೇಲೆ. ತೆಗೆದ ನಟ್ಟನ್ನು ಕೂಡಲೇ ಅದರ ಬೋಲ್ಟಿಗೇ ಹಾಕಿ ಡಬ್ಬಿಗಿಳಿಸಬೇಕು. ‘ಸಟೇರಿಂಗ್’, ‘ಡಿಕ್ಕಿ’, ‘ಏನೋ’ ಎಂದು ಬರೆದ ಡಾಲ್ಡಾ ಡಬ್ಬಿಗಳು ಕಟ್ಟೆಯುದ್ದಕ್ಕೂ ನಿಂತವು. ‘ಏನೋ’ ಡಬ್ಬಿಯೇ ಬೇಗ ತುಂಬಿತು.

ಬಿಚ್ಚುವ ಕ್ರಮಕ್ಕೂ ಅರ್ಥವಿದೆ. ಬೇಗ ಒಡೆಯುವುದು, ಬೇಗ ಮಾರಾಟವಾಗುವುದು ಮೊದಲು ಹೊರಬರಬೇಕು: ದೀಪ, ಗಾಜು, ಮೀಟರುಗಳು. ಮುಂದಿನ ಗಾಜನ್ನು ಕೀಳಬಾರದು. ಒಳಗೆ ಅಂಗಾತ ಮಲಗಿ, ಗೋಣಿಚೀಲ ಸುತ್ತಿದ ಪಾದಗಳಿಂದ ಮೂಲೆಯಲ್ಲಿ ಮೆತ್ತಗೆ ಒತ್ತಿದರೆ ರಬ್ಬರಿನ ಸಮೇತ ಹೊರಗೆ ಜಾರುತ್ತದೆ. ವೈರಿಂಗನ್ನು ಕತ್ತರಿಸಬಾರದು; ಬಳ್ಳಿ ಬಿಡಿಸಿದ ಹಾಗೆ ಇಡಿಯಾಗಿ ಎಳೆದು ಸಿಂಬೆ ಸುತ್ತಬೇಕು. ಕತ್ತರಿಸಿದರೆ ತಾಮ್ರದ ದರ, ಇಡಿಯಾಗಿದ್ದರೆ ವೈರಿಂಗಿನ ದರ. ಬಾನೆಟ್, ರೇಡಿಯೇಟರ್ ಹೋದ ಮೇಲೆ ಬೇವಿನ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಗೇರ್‌ಬಾಕ್ಸಿನ ಜೊತೆಗೇ ಎಂಜಿನ್ ಎತ್ತಿದೆವು. 1489 ಸಿಸಿಯ ಆ ಬೀಡಿನ ಗಡ್ಡೆ ಗಾಳಿಯಲ್ಲಿ ತೂಗುವಾಗ ಓಣಿಯ ಹುಡುಗರೆಲ್ಲ ಗೋಡೆ ಹತ್ತಿ ಕೂತಿದ್ದರು. ಸಾಮಾನ್ಯವಾಗಿ ಆ ಜಾಗ ಬಯಲಾಟಕ್ಕೆ ಮೀಸಲು.

ಇಲ್ಲೊಂದು ಎಚ್ಚರ ಹೇಳಲೇಬೇಕು. ಪೆಟ್ರೋಲ್ ಟ್ಯಾಂಕು ತುಂಬಿದ್ದಾಗಿಗಿಂತ ಖಾಲಿಯಿದ್ದಾಗ ಹೆಚ್ಚು ಅಪಾಯಕಾರಿ, ಏಕೆಂದರೆ ಒಳಗೆ ಆವಿ ಕೂತಿರುತ್ತದೆ. ಅದರ ಹತ್ತಿರ ಗ್ಯಾಸ್ ಕಟರ್ ಸುಳಿಯಕೂಡದು. ಹಳೆಯ ಬ್ರೇಕ್ ಲೈನಿಂಗಿನ ಧೂಳನ್ನು ಊದಬಾರದು, ಅದರಲ್ಲಿ ಕಲ್ನಾರು ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ಅಂಬಾಸಿಡರಿನ ಮುಂದಿನ ಚಕ್ರಗಳ ಭಾರ ಹೊರುವುದು ತಿರುಚಿಕೊಂಡು ಕೂತ ಎರಡು ಉಕ್ಕಿನ ಸಲಾಕೆಗಳು. ತಿರುಚು ಇಳಿಸದೆ ಬಿಚ್ಚಿದವರ ಕೈಮುರಿಯುವುದೇ ಸೈ. ಏನೆಂದು ತಿಳಿಯದೆ ಬಿಚ್ಚಿದ ಕತೆಗಳಲ್ಲಿ ಅತಿ ಭೀಕರವಾದದ್ದು ದೆಹಲಿಯ ಮಾಯಾಪುರಿ ಗುಜರಿ ಪೇಟೆಯದು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಯಂತ್ರವೊಂದು ಅಲ್ಲಿಗೆ ಬಂತು. ಒಳಗಿದ್ದದ್ದು ವಿಕಿರಣ ಸೂಸುವ ಕೋಬಾಲ್ಟ್-60. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ನಮ್ಮ ಕಾರಿನಲ್ಲಿ ಇದ್ದದ್ದು ಎಂಜಿನ್ ಎಣ್ಣೆ, ಬ್ಯಾಟರಿಯ ಸೀಸ, ಆಮ್ಲ. ಬ್ಯಾಟರಿ ಹೊಸ ಬ್ಯಾಟರಿಯ ಅಂಗಡಿಗೇ ಹೋಯಿತು. ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲುವ ಮಾತೆತ್ತುವ ಮೊದಲೇ ಪಕ್ಕದ ಮನೆಯವರು ಕೊಡ ಹಿಡಿದು ಬಂದರು: ಸ್ವಲ್ಪ ಗಾಡಿಗೆ ಕೀಲೆಣ್ಣೆಯಾಯಿತು, ಉಳಿದದ್ದನ್ನು ದನದ ಕೊಟ್ಟಿಗೆಯ ಕಂಬಗಳಿಗೆ ಗೆದ್ದಲು ಹತ್ತದಂತೆ ಬಳಿದರು.

ಮೇ 24ರಂದು ಅತ್ತ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಸುದ್ದಿ ಓದಿದಾಗ ನಮ್ಮದರಲ್ಲಿ ಅರ್ಧ ಕಟ್ಟೆಯ ಮೇಲಿತ್ತು, ಅರ್ಧ ಇಟ್ಟಿಗೆಯ ಮೇಲೆ. ಕಾಕಾ ಪೇಪರು ಮಡಚಿ ‘ಈಗ ಅವಸರ ಮಾಡಬ್ಯಾಡ್ರಿ’ ಎಂದರು. ಬಿಡಿಭಾಗದ ವ್ಯಾಪಾರದ ಮರ್ಮವೇ ಅದು. ಓಡುವ ಕಾರುಗಳು ಇನ್ನೂ ಇರಬೇಕು, ಹೊಸ ಭಾಗ ಬರುವುದು ನಿಂತಿರಬೇಕು. ಆ ನಡುವಿನ ಕೆಲವು ವರ್ಷವೇ ಸುಗ್ಗಿ. ನಾನು ಅವಸರ ಮಾಡಲಿಲ್ಲ, ಎಂಟು ತಿಂಗಳು ತೆಗೆದುಕೊಂಡೆ. ಲೂಕಾಸ್-ಟಿವಿಎಸ್ ಸ್ಟಾರ್ಟರ್ ರಾಣೇಬೆನ್ನೂರಿಗೆ ಹೋಯಿತು. ಬಾಗಿಲುಗಳು ಹಾವೇರಿ ಕಡೆಯ ಬಾಡಿಗೆ ಕಾರಿಗೆ. ಸ್ಟೀರಿಂಗಿನ ಬುಡದಲ್ಲೇ ಗೇರ್ ಹಾಕುವ ಆ ಕಡ್ಡಿಗೆ ಮಾತ್ರ ಗಿರಾಕಿ ಇರಲಿಲ್ಲ. ಎಲ್ಲರಿಗೂ ಬೇಕಾದದ್ದು ಇಸುಜು ಎಂಜಿನ್ನಿನ ಮಾದರಿಯ, ಕೆಳಗಿನಿಂದ ಹಾಕುವ ಗೇರ್‌ಬಾಕ್ಸು. ಎಲ್ಲ ಸೇರಿ ಗುಜರಿಯವನ ಬೆಲೆಯ ಮೂರು ಪಟ್ಟು ಹತ್ತಿರ ಬಂತು. ಕಾಕಾನ ಕೂಲಿ, ಚಹಾ, ನನ್ನ ಒಂದೂವರೆ ತಿಂಗಳು ಕಳೆದರೆ? ಕಳೆಯಲಿಲ್ಲ. ಹವ್ಯಾಸಿ ಕಳೆಯುವ ಲೆಕ್ಕ ಮಾಡಬಾರದು.

ಹಿಂದಿನ ಪಾಟಾಗಳನ್ನು ನಾನು ಮಾರಲಿಲ್ಲ, ಊರಿನ ಕಮ್ಮಾರರು ಬಿಡಲಿಲ್ಲ. ಸ್ಪ್ರಿಂಗಿನ ಉಕ್ಕು ಕಾಯಿಸಿ ಬಡಿದರೆ ಬಗ್ಗುತ್ತದೆ, ಹದ ಹಾಕಿದರೆ ಬಾಯಿ ನಿಲ್ಲುತ್ತದೆ. ಪೇಟೆಯ ಪಟ್ಟಿ ಕಬ್ಬಿಣಕ್ಕೆ ಆ ಗುಣವಿಲ್ಲ. ಒಂದು ಕಟ್ಟು ಪಾಟಾದಲ್ಲಿ ಕುಡುಗೋಲು, ಕುರ್ಪಿ, ಒಂದು ಮಚ್ಚು ಆದವು. ಆ ವರ್ಷ ನಮ್ಮ ಜೋಳ ಕೊಯ್ದದ್ದು ಅಂಬಾಸಿಡರೇ.

ಕಾಗದದ ಮಾತು. ಕಾರು ಹಿತ್ತಲಲ್ಲಿ ಸತ್ತರೆ ಸಾಲದು, ದಫ್ತರಿನಲ್ಲೂ ಸಾಯಬೇಕು. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಂತೆ, ವಾಹನ ಶಾಶ್ವತವಾಗಿ ಉಪಯೋಗಕ್ಕೆ ಬಾರದಾದರೆ ಮಾಲೀಕ 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ ನೋಂದಣಿ ಕಚೇರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಚಾಸಿಸ್ ಸಂಖ್ಯೆ ಕೊರೆದ ತುಂಡನ್ನು ಬೇರೆಯಾಗಿ ಕತ್ತರಿಸಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಹೊಸಪೇಟೆಗೆ ಹೋದೆ. ಆ ತುಂಡೂ ಆರ್‌ಸಿಯೂ ಯಾರ ಕೈಗಾದರೂ ಸಿಕ್ಕರೆ ಕದ್ದ ಕಾರೊಂದು ನಿಮ್ಮ ಹೆಸರಿನಲ್ಲಿ ಓಡಾಡಬಹುದು. ಎಷ್ಟು ದುಡ್ಡು ಕೊಟ್ಟರೂ ಅವೆರಡನ್ನು ಮಾರಬೇಡಿ. ಈಗ ಕಾಲ ಬದಲಾಗಿದೆ. 2021ರ ನಿಯಮಗಳಂತೆ ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನ ಒಪ್ಪಿಸಿದರೆ ಠೇವಣಿ ಪತ್ರ ಸಿಗುತ್ತದೆ, ಅದರಿಂದ ಹೊಸ ಸ್ವಂತ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೆ ಅವಕಾಶವಿದೆ. ಹಿತ್ತಲಲ್ಲಿ ಬಿಚ್ಚಿದವನಿಗೆ ಆ ಪತ್ರವಿಲ್ಲ. ಹೊಸ ಕಾರು ಕೊಳ್ಳುವವರು ಮೊದಲು ಆ ಲೆಕ್ಕ ಹಾಕಿ. ಸಾಮಾನ್ಯ ಕಾರಿಗೆ ಕೇಂದ್ರವೇ ಲೇಸು ಎಂಬುದು ನನ್ನ ಅಭಿಪ್ರಾಯ. ತಯಾರಿಕೆ ನಿಂತ, ಪ್ರೀತಿಸುವವರು ಉಳಿದಿರುವ ಕಾರಿಗಷ್ಟೇ ಇಷ್ಟು ಬೆವರು ಸಲ್ಲುತ್ತದೆ.

ಉಳಿದ ತಗಡಿನ ಗೂಡನ್ನು ಅದೇ ಗುಜರಿಯವನು ತೂಕಕ್ಕೆ ಒಯ್ದ. ಕೋಳಿಗೆ ಬೇರೆ ಬುಟ್ಟಿ ಆಯಿತು. ಮುಂದಿನ ವರ್ಷ ಮೈಲಾರದ ಜಾತ್ರೆಗೆ ಅಂಬಾಸಿಡರಿನಲ್ಲಿ ಹೊರಟ ಒಬ್ಬರು, ದಾರಿಯಲ್ಲಿ ಕೇಳಿಕೊಂಡು ನಮ್ಮ ಮನೆಗೆ ಬಂದರು. ಬಲಗಡೆಯ ದೀಪದ ಬಳೆ ಬೇಕಿತ್ತಂತೆ. ಅದು ‘ಏನೋ’ ಡಬ್ಬಿಯಲ್ಲಿ ಸಿಕ್ಕಿತು. ಕೂರಿಸಲು ನೋಡಿದರೆ ಅವರ ಬಳಿ ಇಂಚಿನ ಪಾನಾ ಇಲ್ಲ. ಖಾಕಿ ಗಂಟನ್ನೇ ಕೊಟ್ಟು, ಜಾತ್ರೆಯಿಂದ ಬರುವಾಗ ಕೊಟ್ಟು ಹೋಗಿ ಎಂದೆ. ಅಂದಿನಿಂದ ಹತ್ತು ಜಾತ್ರೆಯಾದವು, ಅವರಿನ್ನೂ ಬರುತ್ತಿದ್ದಾರೆ.