ಅಸಲಿ ಕೇಳದ ಕಿವಿ, ನಕಲಿನ ನಾದ

ಗಿಟಾರ್ ಆಂಪ್ಲಿಫೈಯರಿನ ಸದ್ದನ್ನು ಕಂಪ್ಯೂಟರಿನೊಳಗೆ ಹುಟ್ಟಿಸುವ ತಂತ್ರಾಂಶಗಳನ್ನು ವಿಮರ್ಶಿಸುವವರು ಎಷ್ಟೇ ಸುತ್ತು ಹಾಕಿದರೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಇದು ಅಸಲಿಯ ಹಾಗೇ ಕೇಳಿಸುತ್ತದೆಯೇ? ಅರಸೀಕೆರೆಯಂಥ ಊರಿನಲ್ಲಿ ಕೂತು ಈ ಪ್ರಶ್ನೆ ಕೇಳಿಕೊಂಡರೆ ಅದರ ತೊಡಕು ಬೇಗ ತಿಳಿಯುತ್ತದೆ. ನಮ್ಮೂರಿನಲ್ಲಿ ಗಿಟಾರ್ ಹಿಡಿದ ಹುಡುಗ ಹುಡುಗಿಯರು ನನಗೆ ಗೊತ್ತಿರುವ ಮಟ್ಟಿಗೆ ಹತ್ತು ಹನ್ನೆರಡು ಜನ. ಅವರಲ್ಲಿ ಒಬ್ಬರೂ ಗಾಜಿನ ವಾಲ್ವ್ ಇರುವ ಮಾರ್ಷಲ್ ಅಥವಾ ಫೆಂಡರ್ ಆಂಪ್ಲಿಫೈಯರಿನ ಎದುರು ನಿಂತವರಲ್ಲ. ಅಸಲಿಯನ್ನೇ ಕೇಳದವರು ನಕಲನ್ನು ತೂಗುವುದು ಹೇಗೆ? ತೂಗುವ ಹಕ್ಕು ಅವರಿಗಿದೆಯೇ?

ಇದೆ ಎಂಬುದು ನನ್ನ ವಾದ. ಆದರೆ ತಕ್ಕಡಿ ಬೇರೆಯದಾಗಬೇಕು.

ಮೊದಲು ಈ ಆಂಪ್ಲಿಫೈಯರ್ ಮಾಡುವುದೇನು ಎಂದು ನೋಡೋಣ. ಎಲೆಕ್ಟ್ರಿಕ್ ಗಿಟಾರಿನ ತಂತಿ ಅಲುಗಿದಾಗ ಹುಟ್ಟುವ ವಿದ್ಯುತ್ತು ತೀರಾ ಸಣ್ಣದು. ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆಯೇ ಆಂಪ್ಲಿಫೈಯರ್. ಅದರ ಶಕ್ತಿ ಮೀರಿ ದನಿ ಏರಿಸಿದರೆ ವಾಲ್ವುಗಳು ಅಲೆಯ ನೆತ್ತಿಯನ್ನು ಒತ್ತಿ ಚಪ್ಪಟೆ ಮಾಡುತ್ತವೆ, ಮೂಲ ಸ್ವರದಲ್ಲಿ ಇಲ್ಲದ ಹೊಸ ಉಪಸ್ವರಗಳು ಹುಟ್ಟುತ್ತವೆ, ಸದ್ದು ಒಡೆಯುತ್ತದೆ. ಎಂಜಿನಿಯರರ ಲೆಕ್ಕದಲ್ಲಿ ಇದು ದೋಷ. 1950, 60ರ ದಶಕಗಳ ಬ್ಲೂಸ್ ಮತ್ತು ರಾಕ್ ವಾದಕರು ಈ ದೋಷವನ್ನೇ ವಾದ್ಯದ ಕಂಠ ಮಾಡಿಕೊಂಡರು. ಇಂದಿನ ತಂತ್ರಾಂಶ ಅನುಕರಿಸಲು ಹೊರಟಿರುವುದು ಮುಖ್ಯವಾಗಿ ಈ ಒಡಕು ದನಿಯನ್ನು.

ನಮಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ. ತಂಬೂರಿಯ ಕುದುರೆಗೂ ತಂತಿಗೂ ನಡುವೆ ಒಂದು ಎಳೆ ದಾರ ಸಿಕ್ಕಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದಾಗ ಸಪ್ಪೆ ಟಂಕಾರ ಮಾಯವಾಗಿ ಝೇಂಕಾರ ಎದ್ದು ನಿಲ್ಲುತ್ತದೆ. ಆ ದಾರಕ್ಕೆ ಕನ್ನಡದಲ್ಲಿ ಜೀವಾಳ ಎಂದು ಹೆಸರು. ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಉಪಸ್ವರದ ನಿಶ್ಚಲ ಬಿಂದು ಬೀಳುತ್ತದೋ ಆ ಉಪಸ್ವರ ಹುಟ್ಟಬಾರದು ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ನಮ್ಮ ವೀಣೆ, ತಂಬೂರಿಗಳು ಆ ನಿಯಮವನ್ನು ಮೀರುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ವಾಲ್ವ್ ಮಾಡುವುದೂ ದಾರ ಮಾಡುವುದೂ ಭೌತಶಾಸ್ತ್ರದ ದೃಷ್ಟಿಯಲ್ಲಿ ಬೇರೆ ಬೇರೆ ಕೆಲಸ. ಆದರೆ ಕಿವಿಗೆ ಎರಡೂ ಕೊಡುವುದು ಒಂದೇ ಬಗೆಯ ಉಡುಗೊರೆ: ಸ್ವರದ ಸುತ್ತ ಒಂದು ಪರಿವಾರ.

ಆ ತಂಬೂರಿಯನ್ನೂ ಅನುಕರಿಸಿದ್ದಾಯಿತು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ರ್‍ಯಾಡೆಲ್ ಎಂಬ ಹೆಸರಿನ ಆ ಪೆಟ್ಟಿಗೆ ಮನೆ ಮನೆಯ ಸಂಗೀತ ಪಾಠಕ್ಕೆ ಬಂತು. ಈಗ ಮೊಬೈಲಿನಲ್ಲೇ ತಂಬೂರಿ ಇದೆ. ಹಿಂದೆ ಅಸಲಿ ತಂಬೂರಿ, ಪಕ್ಕದಲ್ಲಿ ಪೆಟ್ಟಿಗೆ, ಎರಡನ್ನೂ ಇಟ್ಟುಕೊಂಡು ಹಾಡುವವರನ್ನು ಕಛೇರಿಗಳಲ್ಲಿ ನೋಡುತ್ತೇವೆ. ಇಲ್ಲಿ ನನಗೆ ಮುಖ್ಯವೆನಿಸುವುದು ಸಂಗೀತಗಾರರು ಆ ಪೆಟ್ಟಿಗೆಯನ್ನು ಪರೀಕ್ಷಿಸಿದ ರೀತಿ. ಅವರು ಕಣ್ಣು ಮುಚ್ಚಿ ‘ಯಾವುದು ಅಸಲಿ ಹೇಳು’ ಎಂಬ ಆಟ ಆಡಲಿಲ್ಲ. ಅದರ ಜೊತೆ ಕೂತು ಷಡ್ಜ ಹಿಡಿದರು. ದನಿ ನಿಂತಿತೇ, ಒಂದು ಗಂಟೆ ಹಾಡಿದರೂ ಕಿವಿ ದಣಿಯಲಿಲ್ಲವೇ ಎಂದು ನೋಡಿದರು. ತೀರ್ಪು ಕೊಟ್ಟದ್ದು ಬಳಸುವವರ ಕಂಠ.

ಗಿಟಾರ್ ತಂತ್ರಾಂಶಕ್ಕೂ ಇದೇ ತಕ್ಕಡಿ ಬೇಕು. ಅದನ್ನು ದೂರದಿಂದ ಕೇಳಿ ತೂಗುವವರಿಗಿಂತ ಅದರೊಳಗೆ ನುಡಿಸಿ ತೂಗುವವರ ಮಾತಿಗೆ ಬೆಲೆ ಹೆಚ್ಚು.

ಇನ್ನು ‘ಅಸಲಿ’ಯ ಮಾತು. ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ 1960ರ ದಶಕದ ಆರಂಭದಲ್ಲಿ ತಯಾರಾದ ಮೊದಲ ಆಂಪ್ಲಿಫೈಯರಿನ ಸರ್ಕ್ಯೂಟು ಅಮೆರಿಕದ ಫೆಂಡರ್ ಬಾಸ್‌ಮನ್‌ನ ಅನುಕರಣೆ. ಸಿಕ್ಕ ಬಿಡಿಭಾಗಗಳು ಬೇರೆ, ಸ್ಪೀಕರ್ ಬೇರೆ. ಹಾಗಾಗಿ ದನಿ ಬೇರೆಯಾಯಿತು. ನಕಲೇ ಅಸಲಿಯಾಗಿ ನಿಂತಿತು. ಇನ್ನೊಂದು ವಿಷಯವೂ ಇದೆ. ಬಹುಪಾಲು ತಂತ್ರಾಂಶಗಳು ಕೊಡುವುದು ಕೋಣೆಯಲ್ಲಿ ನಿಂತವನಿಗೆ ಕೇಳುವ ಸದ್ದನ್ನಲ್ಲ. ಸ್ಪೀಕರಿನ ಮುಂದೆ ಮೈಕ್ ಇಟ್ಟು ಮುದ್ರಿಸಿಕೊಂಡ ಸದ್ದನ್ನು. ನಮ್ಮ ಹುಡುಗರು ಕೇಳಿ ಬೆಳೆದದ್ದೂ ಅದನ್ನೇ: ಕ್ಯಾಸೆಟ್ಟಿನಲ್ಲಿ, ಮೊಬೈಲಿನಲ್ಲಿ, ಸಿನಿಮಾ ಹಾಡಿನ ನಡುವೆ. ಅವರ ಕಿವಿಯಲ್ಲಿರುವ ಮೂಲವೇ ಮುದ್ರಣ. ಆ ಮಟ್ಟಿಗೆ ಅವರ ಕಿವಿ ಬರಿಗೈ ಅಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸಂಗತಿ. 1920ರ ದಶಕದಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಬಂದಾಗ ಅದನ್ನು ಮೆಚ್ಚಿದ ಎಲ್ಲರೂ ಇಂಗ್ಲಿಷ್ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಿದವರಲ್ಲ. ಕನ್ನಡದಲ್ಲಿ ಆ ಪದ್ಯಕ್ಕೆ ಉಸಿರಿದೆಯೇ, ಹೇಳಿಕೊಂಡರೆ ನಾಲಿಗೆ ಒಪ್ಪುತ್ತದೆಯೇ ಎಂಬುದು ಅವರ ಪರೀಕ್ಷೆಯಾಗಿತ್ತು. ಮೂಲ ಬಲ್ಲ ವಿಮರ್ಶಕನ ಕೆಲಸ ಬೇರೆ, ಅದೂ ಬೇಕು. ಅದೊಂದೇ ವಿಮರ್ಶೆ ಎಂದರೆ ಮಾತ್ರ ತಕರಾರು.

ಹಾಗೆಂದು ಕಿವಿಗೆ ಬಿದ್ದದ್ದೆಲ್ಲ ಚೆನ್ನ ಎನ್ನುವಂತಿಲ್ಲ. ಮೂಲದ ಹಂಗಿಲ್ಲದೆ ಮಾಡಬಹುದಾದ ಕಟ್ಟುನಿಟ್ಟಿನ ಪರೀಕ್ಷೆಗಳಿವೆ.

ಮೊದಲನೆಯದು, ಗಿಟಾರಿನ ಮೇಲಿನ ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕೆ ಇಳಿಸಿ ನುಡಿಸುವುದು. ಒಡಕು ಮೆಲ್ಲಗೆ ಕರಗಿ ತಿಳಿಯಾದ ದನಿ ಬರಬೇಕು. ಬೆರಳು ಮೆತ್ತಗೆ ತಾಗಿದರೆ ಒಂದು ಬಗೆ, ಗಟ್ಟಿಯಾಗಿ ಮೀಟಿದರೆ ಇನ್ನೊಂದು ಬಗೆ ಎನ್ನಿಸಬೇಕು. ಸದ್ದು ಬರೀ ಚಿಕ್ಕದಾಗಿ, ಗುಣ ಹಾಗೇ ಉಳಿದರೆ ಆ ತಂತ್ರಾಂಶಕ್ಕೆ ಬೆರಳಿನ ಭಾಷೆ ಬಾರದು ಎಂದರ್ಥ.

ಎರಡನೆಯದು, ಸಣ್ಣ ತಂತಿಯ ಮೇಲುಸ್ವರ ಹಿಡಿದು, ತಂತಿಯನ್ನು ಎಳೆದು ಜಾರಿಸುವುದು. 44,100 ಮಾದರಿಗಳ ವೇಗದಲ್ಲಿ ಓಡುವ ತಂತ್ರಾಂಶ 22,050 ಹರ್ಟ್ಸ್‌ಗಿಂತ ಮೇಲಿನ ಉಪಸ್ವರವನ್ನು ಹಿಡಿದಿಡಲಾರದು. ಎಚ್ಚರದಿಂದ ಬರೆಯದಿದ್ದರೆ ಆ ಉಪಸ್ವರ ಮಡಚಿಕೊಂಡು ಕೆಳಗೆ ಬೀಳುತ್ತದೆ. ಆಗ ಸ್ವರ ಮೇಲೇರುತ್ತಿದ್ದಂತೆ ಹಿಂದೆಲ್ಲೋ ಒಂದು ಕೀರಲು ದನಿ ಕೆಳಗಿಳಿಯುವುದು ಕೇಳಿಸುತ್ತದೆ. ಗಮಕ ನುಡಿಸುವ ನಮಗೆ ಈ ಪರೀಕ್ಷೆ ಎಲ್ಲರಿಗಿಂತ ಹೆಚ್ಚು ಬೇಕು.

ಮೂರನೆಯದು ವಿಳಂಬ. 48,000 ಮಾದರಿಗಳ ವೇಗದಲ್ಲಿ 256 ಮಾದರಿಗಳ ಗಂಟು ಕಟ್ಟಿ ಕಳಿಸಿದರೆ ಒಂದು ಗಂಟಿಗೇ 5.3 ಮಿಲಿಸೆಕೆಂಡು ತಡ; ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಸೇರಿ ಅದು ಇಮ್ಮಡಿಯಾಗುತ್ತದೆ. ಮೂರು ಮೀಟರ್ ದೂರದ ಸ್ಪೀಕರಿನ ಸದ್ದು ಗಾಳಿಯಲ್ಲಿ ಬರಲು ಸುಮಾರು 9 ಮಿಲಿಸೆಕೆಂಡು ಬೇಕು. ಅಷ್ಟನ್ನು ಕೈ ಸಹಿಸುತ್ತದೆ. ಅದರ ಎರಡು ಮೂರು ಪಟ್ಟಾದರೆ ತಾಳ ಕೈಗೆ ಸಿಗುವುದಿಲ್ಲ.

ನಾಲ್ಕನೆಯದು, ಎರಡು ತಂತ್ರಾಂಶಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಸಮ ಮಾಡಿಕೊಳ್ಳುವುದು. ಮೆಲ್ಲಗೆ ಕೇಳುವಾಗ ಮಂದ್ರವೂ ತೀರಾ ಮೇಲಿನ ಸದ್ದೂ ಕಿವಿಗೆ ಕಡಿಮೆ ಕೇಳುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮುನ್ಸನ್ 1933ರಲ್ಲೇ ಅಳೆದು ತೋರಿಸಿದರು. ತುಸು ಜೋರಾಗಿರುವುದು ಯಾವಾಗಲೂ ‘ಹೆಚ್ಚು ತುಂಬಿದ ದನಿ’ ಅನ್ನಿಸುತ್ತದೆ. ಎಷ್ಟೋ ವಿಮರ್ಶೆಗಳು ಮೆಚ್ಚಿರುವುದು ಬರೀ ಜೋರನ್ನು.

ಈ ಪರೀಕ್ಷೆಗಳಿಂದ ತಂತ್ರಾಂಶಗಳ ನಡುವೆ ನಿಜವಾದ ವ್ಯತ್ಯಾಸ ತಿಳಿಯುತ್ತದೆ. ಆಂಪ್ಲಿಟ್ಯೂಬ್, ಗಿಟಾರ್ ರಿಗ್‌ನಂಥವು ಗುಂಡಿಗಳನ್ನೂ ಸೇರಿಸಿ ಇಡೀ ಯಂತ್ರದ ನಡತೆಯನ್ನು ಲೆಕ್ಕದಲ್ಲಿ ಕಟ್ಟಲು ನೋಡುತ್ತವೆ. ಉಚಿತವಾಗಿ ಸಿಗುವ ನ್ಯೂರಲ್ ಆಂಪ್ ಮಾಡೆಲರ್ ಅಸಲಿ ಯಂತ್ರದ ಮುದ್ರಣ ಕೇಳಿಯೇ ಅದರ ದನಿ ಕಲಿಯುತ್ತದೆ. ಹೋಲಿಕೆಯಲ್ಲಿ ಇದರದು ಬೆರಗಿನ ಸಾಧನೆ. ಆದರೆ ಸಾಮಾನ್ಯವಾಗಿ ಅದರ ಒಂದೊಂದು ಮಾದರಿಯೂ ಗುಂಡಿಗಳು ಒಂದು ಜಾಗದಲ್ಲಿದ್ದಾಗ ತೆಗೆದ ಭಾವಚಿತ್ರ; ಗುಂಡಿ ತಿರುಗಿಸಿದರೆ ಯಂತ್ರ ಏನಾಗುತ್ತಿತ್ತು ಎಂಬುದು ಅದಕ್ಕೆ ತಿಳಿಯದು. ಬೆರಳನ್ನೇ ನಂಬಿದವರಿಗೆ ಅದು ಸಾಕು, ಗುಂಡಿ ತಿರುಗಿಸುತ್ತಾ ದನಿ ಹುಡುಕುವವರಿಗೆ ಸಾಲದು.

ಇದೆಲ್ಲ ಹೇಳಲು ನಮಗೆ ಮಾತೂ ಬೇಕು. ‘ವಾರ್ಮ್’, ‘ಫ್ಯಾಟ್’, ‘ಕ್ರಂಚಿ’ ಎಂಬ ಪದಗಳನ್ನು ನಮ್ಮ ಹುಡುಗರು ಹೇಳುವಾಗ ಅವು ಯಾರದೋ ಅನುಭವದ ಸಾಲದಂತೆ ಕೇಳುತ್ತವೆ. ಕನ್ನಡದಲ್ಲಿ ಕಂಚಿನ ಕಂಠ ಇದೆ, ಗೊಗ್ಗರು ದನಿ ಇದೆ, ಕೀರಲು, ಮೊರೆತ, ಗಡಸು, ಇಂಪು ಇವೆ. ಸ್ಪೀಕರಿನ ಅನುಕರಣೆ ಸೇರಿಸದೆ ಬರೀ ಒಡಕು ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಕಿವಿಯಲ್ಲಿ ನುಸಿ ಗುಂಯ್ಗುಟ್ಟಿದ ಹಾಗಿರುತ್ತದೆ ಎಂದರೆ ನಮ್ಮಲ್ಲಿ ಯಾರಿಗೆ ಅರ್ಥವಾಗದು? ಎಲ್ಲಕ್ಕಿಂತ ಮೇಲೆ ಜೀವಾಳ ಇದೆ. ‘ಇದರಲ್ಲಿ ಜೀವಾಳ ಸಿಕ್ಕಿಲ್ಲ’ ಎಂದರೆ ತಂಬೂರಿ ಬಲ್ಲವನಿಗೆ ಅದು ತಾಂತ್ರಿಕ ಮಾತು, ಉಳಿದವರಿಗೆ ತೀರ್ಪು.

ಅರಸೀಕೆರೆಯಿಂದ ಜಾವಗಲ್ ದಾಟಿ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗುವವರಿಗೆ ನಕಲಿನ ಬಗ್ಗೆ ಇನ್ನೊಂದು ಪಾಠ ಕಾದಿರುತ್ತದೆ. ಬೇಲೂರಿನ ದೇವಾಲಯ 1117ರದು. ಅಲ್ಲಿನ ನುಣುಪು ಕಂಬಗಳು ಬಡಗಿ ಮರವನ್ನು ತಿರುಗಿಸಿ ಕಡೆದ ಹಾಗೆ ಕಾಣುತ್ತವೆ. ಕುಸುರಿ ಕೆಲಸದಲ್ಲಿ ಮರ ಮತ್ತು ದಂತ ಕೆತ್ತುವವರ ಕೈ ಕಾಣುತ್ತದೆ ಎಂದು ಕಲೆಯ ಚರಿತ್ರೆ ಬರೆದವರು ಹೇಳುತ್ತಾರೆ. ಮೆತ್ತಗಿನ ಬಳಪದ ಕಲ್ಲು ಅದಕ್ಕೆ ಒದಗಿಬಂತು. ಇದು ಅಸಲಿ ಮರದ ಹಾಗಿಲ್ಲ ಎಂದು ಯಾರೂ ದೂರುವುದಿಲ್ಲ. ಮರದ ಕಲೆ ಕಲ್ಲಿಗೆ ಬಂದು ಕಲ್ಲಿನದೇ ಆಯಿತು. ಹಳೇಬೀಡಿನ ಗೋಡೆಯ ಮದ್ದಳೆಗಾರರ ಸದ್ದನ್ನು ಇಂದು ಕೇಳಿದವರಿಲ್ಲ. ಆದರೂ ಚರ್ಮದ ಮೇಲೆ ಕೈ ಇಟ್ಟಿರುವ ರೀತಿ ನೋಡಿದರೆ ನುಡಿಸುವವನ ಕೈ ಹೌದೋ ಅಲ್ಲವೋ ಗೊತ್ತಾಗುತ್ತದೆ.

ಇಷ್ಟು ವಾದ ಏಕೆಂದರೆ, ನಷ್ಟವಾಗುತ್ತಿರುವುದು ನಮ್ಮ ಮಕ್ಕಳಿಗೆ. ನಮ್ಮ ತಾಲ್ಲೂಕಿನ ಹುಡುಗನೊಬ್ಬ ನುಡಿಸಿದ ಹಾಡನ್ನು ನಗರದ ಸಂಗೀತ ಸಂಯೋಜಕರೊಬ್ಬರು ಮೆಚ್ಚಿ ಕೇಳುತ್ತಿದ್ದವರು, ಅದು ಲ್ಯಾಪ್‌ಟಾಪಿನ ದನಿ ಎಂದು ತಿಳಿದ ಕೂಡಲೇ ‘ಹೋಗ್ಲಿ ಬಿಡಪ್ಪ, ಅಸಲಿ ಆಂಪ್ ತಗೊಂಡ್ಮೇಲೆ ಬಾ’ ಎಂದರು. ತೆಂಗಿನ ಬೆಲೆ ಏರುವುದನ್ನೂ ಬೀಳುವುದನ್ನೂ ನೋಡಿ ಸಂಸಾರ ಮಾಡುವ ಮನೆಯ ಹುಡುಗ ಅವನು. ಆಂಪ್ಲಿಫೈಯರಿಗೆ ಲಕ್ಷ ರೂಪಾಯಿ ಎಲ್ಲಿಂದ ತಂದಾನು? ಅವರು ತೂಗಿದ್ದು ನಾದವನ್ನಲ್ಲ, ಸಾಮಾನಿನ ಪಟ್ಟಿಯನ್ನು. ಅಂಥ ತಕ್ಕಡಿಯಲ್ಲಿ ಅವನ ಬೆರಳಿಗೆ ತೂಕವೇ ಇಲ್ಲ.

ಆದ್ದರಿಂದ ನಮ್ಮ ಗಿಟಾರ್ ಮಕ್ಕಳಿಗೆ ನಾನು ಹೇಳುವುದಿಷ್ಟು: ಮೇಲಿನ ನಾಲ್ಕು ಪರೀಕ್ಷೆ ಮಾಡಿ, ಸೋತದ್ದನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಿ. ಗೆದ್ದದ್ದನ್ನು ಗಣಪತಿ ಪೆಂಡಾಲಿನ ಸ್ಪೀಕರಿಗೆ ಜೋಡಿಸಿ, ಡೋಲಕ್ ಮತ್ತು ಕೀಬೋರ್ಡಿನ ನಡುವೆ ನುಡಿಸಿ. ಅಲ್ಲೂ ನಿಮ್ಮ ಬೆರಳಿನ ಗುರುತು ಕೇಳಿಸಿದರೆ ಆ ದನಿ ನಿಮ್ಮದು. ಅದರ ಅಸಲಿತನಕ್ಕೆ ಬೇರೆ ಯಾರ ಸಹಿಯೂ ಬೇಕಾಗಿಲ್ಲ.