ಹಿಡಿಯೋರು ಯಾರು?

ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್‌ಗೂ ತೆಲುಗು ಟೈಟನ್ಸ್‌ಗೂ ಪಂದ್ಯ ಬಿತ್ತೆಂದರೆ ಬೆಂಗಳೂರಿಗಿಂತ, ಹೈದರಾಬಾದಿಗಿಂತ ಸಿಂಧನೂರಿಗೆ ಹೆಚ್ಚು ಬಿಸಿ ತಟ್ಟುತ್ತದೆ ಎಂಬುದು ನನ್ನ ನಂಬಿಕೆ. ಅದಕ್ಕೆ ಕಾರಣ ಕಾಲುವೆ. ತುಂಗಭದ್ರಾ ಎಡದಂಡೆಯ ನೀರು ಹರಿದ ಮೇಲೆ ಆಂಧ್ರದ ಕಡೆಯಿಂದ ಬಂದ ರೈತರು ಇಲ್ಲಿ ಹೊಲ ಹಿಡಿದು ಭತ್ತ ಹಚ್ಚಿದರು. ಅವರ ಕ್ಯಾಂಪುಗಳು ತಾಲ್ಲೂಕಿನ ತುಂಬ ಇವೆ. ಕ್ಯಾಂಪಿನ ಹುಡುಗ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಮಾತಾಡುತ್ತಾನೆ. ಅವನ ತಾತ ಕಬಡ್ಡಿಯನ್ನು ಆಡಿದ್ದು ಚೆಡುಗುಡು ಎಂಬ ಹೆಸರಿನಲ್ಲಿ, ಮೊಮ್ಮಗ ನೋಡುವುದು ಟೈಟನ್ಸ್. ಊರ ಹುಡುಗರು ಬುಲ್ಸ್. ಇಬ್ಬರೂ ಒಂದೇ ಕಾಲೇಜು, ಒಂದೇ ಒಗ್ಗರಣಿ–ಮಿರ್ಚಿ ಅಂಗಡಿ. ಅಲ್ಲಿಂದ ಮಸ್ಕಿ ದಾಟಿ ಲಿಂಗಸುಗೂರಿನವರೆಗೆ ಒಂದೇ ರಸ್ತೆ. ಪ್ಲೇಆಫ್ ಹತ್ತಿರ ಬಂದರೆ ಆ ರಸ್ತೆಯುದ್ದಕ್ಕೂ ಒಂದೇ ವಾದ.

ಈ ಜಿದ್ದಿಗೆ ಚೆನ್ನಾದ ಚರಿತ್ರೆಯಿದೆ. 2015ರ ಎರಡನೇ ಆವೃತ್ತಿಯ ಸೆಮಿಫೈನಲ್‌ನಲ್ಲಿ ಬುಲ್ಸ್ 39–38ರಿಂದ ಗೆದ್ದಿತು. ಒಂದೇ ಒಂದು ಅಂಕ. ಆ ಒಂದು ಅಂಕದ ನೋವನ್ನು ಟೈಟನ್ಸ್ ಕಡೆಯವರು ಹತ್ತು ವರ್ಷ ಹೊತ್ತು ತಿರುಗಿದ್ದಾರೆ. ಆಗ ಟೈಟನ್ಸ್ ಪರ ರೈಡ್ ಮಾಡುತ್ತಿದ್ದವರಲ್ಲಿ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆಯೂ ಒಬ್ಬರು ಎನ್ನುವುದನ್ನು ಬುಲ್ಸ್ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ. ಮುಂದೆ 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ಎದುರು 38–33ರಿಂದ ಗೆದ್ದು ಬುಲ್ಸ್ ಚಾಂಪಿಯನ್ ಆಯಿತು. ಆ ರಾತ್ರಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅದೇ ಪವನ್, 2023ರ ಹರಾಜಿನಲ್ಲಿ 2.605 ಕೋಟಿ ರೂಪಾಯಿಗೆ ಟೈಟನ್ಸ್ ಪಾಲಾದರು. ಊರ ಹುಡುಗರ ಮೊಬೈಲಿನ ವಾಲ್‌ಪೇಪರ್‌ನಲ್ಲಿದ್ದ ಮುಖ ರಾತ್ರೋರಾತ್ರಿ ಕ್ಯಾಂಪಿನ ಹುಡುಗರ ಮೊಬೈಲಿಗೆ ಹೋಯಿತು.

ಹೋದರೂ ಟೈಟನ್ಸ್ ಏಳಲಿಲ್ಲ. ಎಂಟನೇ ಆವೃತ್ತಿಯಲ್ಲಿ 22 ಪಂದ್ಯಕ್ಕೆ ಒಂದು ಗೆಲುವು, ಒಂಬತ್ತರಲ್ಲಿ ಎರಡು, ಪವನ್ ಬಂದ ಹತ್ತನೆಯದರಲ್ಲೂ ಎರಡೇ. ಇಂಥ ಮೂರು ವರ್ಷವನ್ನು ನುಂಗಿಕೊಂಡೂ ತಂಡ ಬದಲಿಸದ ಕ್ಯಾಂಪಿನ ಹುಡುಗರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಹನ್ನೊಂದನೇ ಆವೃತ್ತಿಯಲ್ಲಿ ಆ ಸರದಿ ಬುಲ್ಸ್‌ಗೆ ಬಂತು. 22ರಲ್ಲಿ ಎರಡು ಗೆಲುವು, ಕಟ್ಟಕಡೆಯ ಸ್ಥಾನ. ಆ ವರ್ಷ ಅಂಗಡಿಯ ಮುಂದೆ ಯಾರ ದನಿ ಏರಿತ್ತು, ಯಾರದು ಇಳಿದಿತ್ತು ಎಂದು ಬೇರೆ ಹೇಳಬೇಕಿಲ್ಲ.

ಹಾಗಾಗಿ 2025ರ ಅಕ್ಟೋಬರ್ ಕೊನೆಗೆ ಎರಡೂ ತಂಡ ಮೊದಲ ನಾಲ್ಕರಲ್ಲಿ ನಿಂತು, ದಿಲ್ಲಿಯಲ್ಲಿ ಮಿನಿ ಕ್ವಾಲಿಫೈಯರ್‌ಗೆ ಎದುರುಬದುರಾದಾಗ ಇಲ್ಲಿನ ವಾದ ಎಷ್ಟು ಜೋರಾಗಿರಬೇಕು ನೋಡಿ. ಭತ್ತ ಇನ್ನೂ ಹೊಲದಲ್ಲೇ ಇತ್ತು, ಕೊಯ್ಲಿನ ಮಷೀನು ಬಂದಿರಲಿಲ್ಲ. ಮಾತಿಗೆ ಬೇಕಾದಷ್ಟು ಹೊತ್ತು.

‘ಅಲಿರೇಜಾನ್ನ ಹಿಡಿಯೋರು ನಿಮ್ಮಲ್ಲಿ ಯಾರದಾರ, ಹೇಳು ನೋಡಾಣ?’

‘ನೀವು ಭರತ್‌ನ ಹಿಡೀರಿ ಮೊದ್ಲು.’

‘ಭರತ್ ನಮ್ಮ ಮನಿಯಾಗ ಉಂಡು ಬೆಳದಾವಲೇ. ಅವನ ಕಾಲು ಯಾಕಡಿ ಬರ್ತೈತಿ ಅಂತ ನಮಗ ಗೊತ್ತಿಲ್ಲೇನು?’

‘ಗೊತ್ತಿದ್ರ ಹಿಡಿಯಾಕ ಏನಾಗೈತಿ?’

ಭರತ್ ಹೂಡಾ ಬುಲ್ಸ್‌ನಲ್ಲೇ ಹೆಸರು ಮಾಡಿ ಟೈಟನ್ಸ್‌ಗೆ ಹೋದ ಇನ್ನೊಬ್ಬ ರೈಡರ್. ಅಲಿರೇಜಾ ಮಿರ್ಜಾಯಿಯಾನ್ ಬುಲ್ಸ್‌ನ ಇರಾನಿ ರೈಡರ್. ಇಬ್ಬರು ರೈಡರ್‌ಗಳ ಹೆಸರು ಹಿಡಿದು ಶುರುವಾದರೂ ಈ ವಾದ ಕೊನೆಗೆ ಬಂದು ನಿಂತದ್ದು ಹಿಡಿಯುವವರ ಮೇಲೆ. ನನಗೆ ಸಂತೋಷವಾದದ್ದು ಅಲ್ಲಿಯೇ. ಟೀವಿಯಲ್ಲಿ ಮತ್ತೆಮತ್ತೆ ತೋರಿಸುವುದು ರೈಡ್. ದುಡ್ಡು ಸುರಿಯುವುದು ಬಹುಮಟ್ಟಿಗೆ ರೈಡರ್‌ಗೆ. ಆದರೆ ಲೀಗ್ ಹಂತವನ್ನು ರೈಡರ್ ದಾಟಿಸಬಹುದು, ಪ್ಲೇಆಫ್ ದಾಟಿಸುವವರು ಕಾರ್ನರ್‌ನಲ್ಲಿ ನಿಂತವರು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಅಂಕಣದ ಉದ್ದ 13 ಮೀಟರ್, ಅಗಲ 10. ಒಂದು ಪಾಳೆಯಕ್ಕೆ ಸಿಗುವುದು ಆರೂವರೆ ಮೀಟರ್. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ. ರೈಡರ್‌ಗೆ ಇರುವುದು 30 ಸೆಕೆಂಡ್. ಎಡ–ಬಲ ಕಾರ್ನರ್‌ಗಳು ಮುಂದೆ ಚಾಚಿ, ನಡುವಿನವರು ಹಿಂದೆ ಸರಿದು ಕೈಕೈ ಹಿಡಿದು ನಿಲ್ಲುತ್ತಾರೆ. ಕಾರ್ನರ್ ಆದವನಿಗೆ ಕೆಲಸ ಒಂದೇ, ಕಾಯುವುದು. ರೈಡರ್ ಕೈ ಬೀಸುತ್ತಾನೆ, ಭುಜ ಅಲ್ಲಾಡಿಸುತ್ತಾನೆ, ಕಣ್ಣಿನಲ್ಲೇ ಮೋಸ ಮಾಡುತ್ತಾನೆ. ಒಳ್ಳೆಯ ಕಾರ್ನರ್ ಇದಾವುದನ್ನೂ ನೋಡುವುದಿಲ್ಲ. ಗದ್ದೆಯ ಬದುವಿನ ಮೇಲೆ ನಿಂತ ಕೊಕ್ಕರೆಯ ಹಾಗೆ ಅವನ ನೋಟ ಕೆಳಗೇ ಇರುತ್ತದೆ. ರೈಡರ್‌ನ ಮೈಭಾರ ಪೂರ್ತಿ ಒಂದು ಕಾಲಿಗೆ ಬೀಳುವ ಗಳಿಗೆ ಒಂದಿದೆ. ತಿರುಗಿ ಓಡಲು ಅವನು ಆ ಕಾಲನ್ನು ಎತ್ತುವ ಮುನ್ನ ಹಿಮ್ಮಡಿಗೆ ಕೈ ಬಿದ್ದರೆ ಮುಗಿಯಿತು. ಅದಕ್ಕೆ ಒಂದು ಕ್ಷಣ ಮುಂಚೆ ಬಿದ್ದರೆ ದುಡುಕಿನ ಕ್ಯಾಚ್. ಆಗ ಎದುರಾಳಿಗೆ ಪುಕ್ಕಟೆ ಅಂಕ, ತಾನು ಹೊರಗೆ, ತನ್ನ ಬದಿ ಖಾಲಿ.

ನಡುವೆ ನಿಲ್ಲುವ ಕವರ್‌ಗಳ ಕೆಲಸ ಇಷ್ಟು ನಾಜೂಕಲ್ಲ, ಆದರೆ ಇಷ್ಟೇ ಬುದ್ಧಿಯದು. ಕಾರ್ನರ್ ಹಿಡಿದ ಕಾಲನ್ನು ರೈಡರ್ ಎಳೆದುಕೊಂಡು ನಡುಗೆರೆಯತ್ತ ಹಾರುವಾಗ ಎದುರಿಗೆ ಬಂದು ಬ್ಲಾಕ್ ಮಾಡಬೇಕು, ಇಲ್ಲವೆ ಡ್ಯಾಶ್ ಕೊಟ್ಟು ಲಾಬಿಯಾಚೆ ಕಳಿಸಬೇಕು. ಒಬ್ಬ ಹಿಡಿದು ಉಳಿದವರು ನೋಡುತ್ತ ನಿಂತರೆ ಅದು ರಕ್ಷಣೆಯೇ ಅಲ್ಲ. ಲಿಂಗಸುಗೂರಿನ ಮೈದಾನದಲ್ಲಿ ಹಳೆಯ ಆಟಗಾರರು ಹುಡುಗರಿಗೆ ಬಯ್ಯುವುದು ಇದನ್ನೇ: ‘ಹಿಡದಾವ ಒಬ್ಬನಲ್ಲಲೇ, ಏಳೂ ಮಂದಿ ಬೀಳ್ರಿ!’

ಮಣ್ಣಿನ ಅಂಕಣದಲ್ಲಿ ಆಡಿದವರಿಗೆ ಇದು ಬೇಗ ತಿಳಿಯುತ್ತದೆ. ನಮ್ಮ ಕಡೆ ಎರಿ ನೆಲ ಜಾಸ್ತಿ. ಜಾತ್ರೆಗೋ ಉರುಸಿಗೋ ಹೊನಲು ಬೆಳಕಿನ ಪಂದ್ಯಾವಳಿ ಇಟ್ಟರೆ ಕೆಮ್ಮಣ್ಣು ತರಿಸಿ ಹರಡಿ ನೀರು ಹೊಡೆದು ಹದ ಮಾಡಬೇಕು. ಆ ಮಣ್ಣಿನಲ್ಲಿ ಬರಿಗಾಲಿನ ಡಿಫೆಂಡರ್ ಹಿಮ್ಮಡಿ ಊರಿ ನಿಲ್ಲಬಲ್ಲ, ರೈಡರ್‌ನ ತಿರುಗು ಸ್ವಲ್ಪ ತಡವಾಗುತ್ತದೆ. ಮ್ಯಾಟ್ ಮೇಲೆ ಶೂ ಹಾಕಿಕೊಂಡರೆ ಲೆಕ್ಕ ತಿರುಗುಮುರುಗು. ಪಾದ ಗಟ್ಟಿಯಾಗಿ ಕಚ್ಚಿಕೊಳ್ಳುವುದರಿಂದ ರೈಡರ್ ಹಾರುವ ವೇಗ ಏರುತ್ತದೆ, ಡಿಫೆಂಡರ್‌ಗೆ ಸಿಗುವ ಸಮಯ ಇಳಿಯುತ್ತದೆ. ಮಣ್ಣಿನಲ್ಲಿ ಗಂಡುಗಲಿ ಎನಿಸಿಕೊಂಡ ಕ್ಯಾಚರ್ ಮ್ಯಾಟ್ ಮೇಲೆ ಮೊದಲ ವರ್ಷ ತಡವರಿಸುವುದಕ್ಕೆ ಇದೇ ಕಾರಣ. ಅವನ ಧೈರ್ಯ ಎಲ್ಲೂ ಹೋಗಿರುವುದಿಲ್ಲ, ಹಳೆಯ ಅಂದಾಜು ಹೊಸ ನೆಲಕ್ಕೆ ಹೊಂದಿರುವುದಿಲ್ಲ.

ಸುಮ್ಮನಿರುವುದೂ ರಕ್ಷಣೆಯೇ ಎಂಬುದು ಅಂಗಡಿಯ ವಾದದಲ್ಲಿ ಬರದ ವಿಷಯ. ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದು ಡು ಆರ್ ಡೈ. ಅಂಕ ತರದಿದ್ದರೆ ರೈಡರ್ ಔಟ್. ಜಾಣ ತಂಡ ಮೊದಲೆರಡು ರೈಡಿಗೆ ಮೈಮೇಲೆ ಬೀಳದೆ, ಎದುರಾಳಿಯನ್ನು ಮೂರನೆಯದಕ್ಕೆ ತಂದು ನಿಲ್ಲಿಸುತ್ತದೆ. ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಆಲೌಟ್ ಅಂಚಿನಲ್ಲಿರುವ ತಂಡಕ್ಕೆ ಉಸಿರು ಮರಳುವುದು ಅಲ್ಲಿಂದಲೇ. ಕೋಚ್ ಬಿ.ಸಿ. ರಮೇಶ್ ಅವರ ತಂಡಗಳಲ್ಲಿ ಈ ತಾಳ್ಮೆ ಕಾಣುತ್ತದೆ. ಕರ್ನಾಟಕದ ಈ ಆಟಗಾರನಿಗೆ 2001ರ ಅರ್ಜುನ ಪ್ರಶಸ್ತಿ ಬಂದಿತ್ತು. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟರು. ಪುಣೇರಿ ಗೆದ್ದ ಆ ಫೈನಲ್ 28–25. ಅಂಥ ಪಂದ್ಯದಲ್ಲಿ ಒಂದೊಂದು ಅಂಕವೂ ಬೆವರಿನದು. ಕಟ್ಟಕಡೆಗೆ ಇಳಿದಿದ್ದ ಬುಲ್ಸ್ ಅನ್ನು ಮರುವರ್ಷವೇ ಮೂರನೇ ಸ್ಥಾನಕ್ಕೆ ಎತ್ತಿದ್ದೂ ಅವರೇ. ಯೋಗೇಶ್, ದೀಪಕ್ ಶಂಕರ್ ಇದ್ದ ಆ ರಕ್ಷಣೆಯನ್ನು ನೋಡಿಯೇ ನಾನು ಬುಲ್ಸ್ ಗೆಲ್ಲುತ್ತದೆ ಎಂಬ ಪಕ್ಷದಲ್ಲಿದ್ದೆ.

ಆ ಮಿನಿ ಕ್ವಾಲಿಫೈಯರ್ ಗೆದ್ದದ್ದು ಟೈಟನ್ಸ್, 37–32. ಮುಂದೆ ನಿಂತು ಗೆಲ್ಲಿಸಿದ್ದು ಭರತ್. ಊರಿನವರು ಉಣಿಸಿ ಬೆಳೆಸಿದ ಕಾಲು ಯಾವ ಕಡೆ ಬರುತ್ತದೆಂದು ಗೊತ್ತಿದ್ದೂ ಹಿಡಿಯಲಾಗಲಿಲ್ಲ. 2015ರ ಆ ಒಂದು ಅಂಕವನ್ನು ಐದು ಮಾಡಿ ಹಿಂತಿರುಗಿಸಿದಂತಾಯಿತು, ಕ್ಯಾಂಪಿನ ಹುಡುಗರು ಅಷ್ಟು ಸಂಭ್ರಮಿಸುವುದಕ್ಕೆ ಅರ್ಹರೇ. ಬುಲ್ಸ್‌ಗೆ ಇನ್ನೊಂದು ಅವಕಾಶ ಸಿಕ್ಕಿತು, ಅದನ್ನೂ ಪಟ್ನಾ ಎದುರು 46–37ಕ್ಕೆ ಕಳೆದುಕೊಂಡಿತು. ಪ್ಲೇಆಫ್‌ನಲ್ಲಿ 46 ಅಂಕ ಬಿಟ್ಟುಕೊಟ್ಟ ತಂಡಕ್ಕೆ ಯಾವ ರೈಡರ್ ಏನು ಮಾಡಿಯಾನು? ಟೈಟನ್ಸ್ ಕಥೆಯೂ ಹಾಗೇ ಮುಗಿಯಿತು. ಎರಡನೇ ಕ್ವಾಲಿಫೈಯರ್‌ನಲ್ಲಿ 45 ಅಂಕ ಗಳಿಸಿ, 50 ಬಿಟ್ಟುಕೊಟ್ಟು ಪುಣೇರಿಗೆ ಶರಣಾಯಿತು.

ರೈಡರ್ ಪಕ್ಷದವರು ಇಲ್ಲಿ ಪವನ್‌ನ 22 ಅಂಕವನ್ನು ಮುಂದಿಡುತ್ತಾರೆ. ಒಪ್ಪುತ್ತೇನೆ, ಅಂಥ ರಾತ್ರಿ ಬಂದರೆ ಯಾವ ಕಾರ್ನರೂ ಸಾಲದು. ಆದರೆ 2018ರ ಏಷ್ಯನ್ ಗೇಮ್ಸ್ ಸೆಮಿಫೈನಲ್ ನೆನಪಿಸಿಕೊಳ್ಳಿ. ಅಲ್ಲಿಯವರೆಗೆ ಪುರುಷರ ಕಬಡ್ಡಿಯ ಚಿನ್ನ ಭಾರತ ಬಿಟ್ಟು ಬೇರೆಯವರ ಕೈ ಸೇರಿರಲಿಲ್ಲ. ಹೆಸರಾಂತ ರೈಡರ್‌ಗಳಿದ್ದ ಭಾರತವನ್ನು ಇರಾನ್ 18 ಅಂಕಕ್ಕೆ ಕಟ್ಟಿಹಾಕಿ 27–18ರಿಂದ ಸೋಲಿಸಿತು. ಆ ತಂಡದ ಎಡ ಕಾರ್ನರ್ ಫಜಲ್ ಅತ್ರಾಚಲಿ. ಏಳು ವರ್ಷದ ನಂತರ, 2025ರ ಅಕ್ಟೋಬರ್ 31ರ ಫೈನಲ್‌ನಲ್ಲಿ ದಬಂಗ್ ದಿಲ್ಲಿ ಪುಣೇರಿಯನ್ನು 31–28ರಿಂದ ಮಣಿಸಿದಾಗ, ಪಂದ್ಯದ ಕೊನೆಯ ಗಳಿಗೆಯಲ್ಲಿ ಆದಿತ್ಯ ಶಿಂಧೆಯನ್ನು ಹಿಡಿದು ಕಪ್ ಖಾತ್ರಿ ಮಾಡಿದ್ದೂ ಅದೇ ಫಜಲ್.

ಮಸ್ಕಿ, ಸಿಂಧನೂರು, ಲಿಂಗಸುಗೂರಿನಲ್ಲಿ ಪಂದ್ಯಾವಳಿ ನಡೆಸುವ ಸಂಘದವರಲ್ಲಿ ನನ್ನ ಕೇಳಿಕೆ ಒಂದಿದೆ. ಬೆಸ್ಟ್ ರೈಡರ್‌ಗೆ ಎಷ್ಟು ದೊಡ್ಡ ಟ್ರೋಫಿ ಇಡುತ್ತೀರೋ ಬೆಸ್ಟ್ ಕ್ಯಾಚರ್‌ಗೂ ಅಷ್ಟೇ ದೊಡ್ಡದನ್ನು ಇಡಿ, ದುಡ್ಡೂ ಅಷ್ಟೇ ಇರಲಿ. ಮೈಕಿನಲ್ಲಿ ಹೆಸರು ಕೂಗುವಾಗ ಅವನನ್ನೇ ಮೊದಲು ಕೂಗಿ. ಬುಲ್ಸ್‌ಗೋ ಟೈಟನ್ಸ್‌ಗೋ, ಎಲ್ಲಿಗಾದರೂ ಹೋಗಲಿ, ಈ ಮೂರು ತಾಲ್ಲೂಕಿನಿಂದ ಒಬ್ಬ ಎಡ ಕಾರ್ನರ್ ಎದ್ದು ಬರುವುದನ್ನು ನಾನು ಕಾಯುತ್ತಿದ್ದೇನೆ.